ಅಡ್ಡಾದಿಡ್ಡಿ ಗೆರೆಗಳು: ವಿಮಾನ ಹಾರಿದ್ದೆಷ್ಟು, ಪರದೆ ತೋರಿಸಿದ್ದೆಷ್ಟು?

ಮಂಜೇಶ್ವರದಿಂದ ತೃಕ್ಕರಿಪುರದ ತನಕ ಗಲ್ಫಿನ ನಂಟಿಲ್ಲದ ಊರು ಸಿಗಲಿಕ್ಕಿಲ್ಲ. ಹಾಗಾಗಿ ವಿಮಾನ ಟ್ರ್ಯಾಕಿಂಗ್ ಆ್ಯಪ್ ಎಂಬುದು ಕಾಸರಗೋಡಿನಲ್ಲಿ ಹವ್ಯಾಸಿಗಳ ಆಟಿಕೆಯಾಗಿ ಉಳಿದಿಲ್ಲ. ದುಬೈಯಿಂದ ಹೊರಟದ್ದು ಎಲ್ಲಿಗೆ ಬಂತು, ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣಕ್ಕೆ ಕಾರು ಎಷ್ಟು ಹೊತ್ತಿಗೆ ಹೊರಡಿಸಬೇಕು ಎಂಬುದೆಲ್ಲ ಅದನ್ನು ನೋಡಿಯೇ ತೀರ್ಮಾನವಾಗುತ್ತದೆ. ಅದೇ ಕಾರಣಕ್ಕೆ ಗೆರೆ ತುಸು ಓರೆಯಾದರೂ ಸಾಕು, ವಾಟ್ಸಾಪ್ ಗುಂಪುಗಳಲ್ಲಿ ಗುಲ್ಲೇಳುತ್ತದೆ. ಅರಬ್ಬಿ ಸಮುದ್ರದ ನಡುವೆ ವಿಮಾನ ಮಾಯವಾಯಿತಂತೆ, ರನ್‌ವೇ ದಾಟಿ ಮೂಡುಬಿದಿರೆ ಕಡೆಗೆ ಹೋಯಿತಂತೆ, ಮಸ್ಕತ್ ಹತ್ತಿರ ಗರಗಸದ ಹಲ್ಲಿನಂತೆ ಕುಣಿಯಿತಂತೆ. ಜೊತೆಗೆ ಕೆಂಪು ವೃತ್ತ ಎಳೆದ ಸ್ಕ್ರೀನ್‌ಶಾಟ್.

ಇಂಥ ಚಿತ್ರ ಬಂದಾಗ ಎಲ್ಲರೂ ಕೇಳುವುದು ‘ವಿಮಾನ ಯಾಕೆ ಹೀಗೆ ಹೋಯಿತು’ ಎಂದು. ಅದಕ್ಕೂ ಮೊದಲು ಕೇಳಬೇಕಾದದ್ದು ‘ಹಾಗೆ ಹೋದದ್ದು ಹೌದೇ’ ಎಂದು. ಪರದೆಯ ಗೆರೆಯನ್ನು ಎಳೆದವರು ಮೂವರು. ತಾನೆಲ್ಲಿದ್ದೇನೆ ಎಂದು ವಿಮಾನ ಹೇಳಿದ್ದು ಒಂದು, ನೆಲದ ಮೇಲಿನ ರಿಸೀವರುಗಳು ಕೇಳಿಸಿಕೊಂಡದ್ದು ಇನ್ನೊಂದು, ನಡುವಿನ ಖಾಲಿ ಜಾಗಕ್ಕೆ ಜಾಲತಾಣ ಲೆಕ್ಕ ಹಾಕಿ ತುಂಬಿದ್ದು ಮತ್ತೊಂದು. ಮೂರೂ ಒಂದೇ ಬಣ್ಣದಲ್ಲಿ ಕಂಡರೆ ತಪ್ಪು ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಆದರೆ ಪ್ರತಿಯೊಬ್ಬರ ತಪ್ಪಿಗೂ ಅದರದ್ದೇ ಗುರುತಿದೆ.

ಗೆರೆ ಹುಟ್ಟುವ ಬಗೆ

ವಿಮಾನದಲ್ಲಿರುವ ಟ್ರಾನ್ಸ್‌ಪಾಂಡರ್ ಎಂಬ ಪೆಟ್ಟಿಗೆ 1090 ಮೆಗಾಹರ್ಟ್ಸ್ ತರಂಗದಲ್ಲಿ ಸೆಕೆಂಡಿಗೆ ಸುಮಾರು ಎರಡು ಸಲ ತನ್ನ ಸ್ಥಾನವನ್ನೂ, ಇನ್ನೆರಡು ಸಲ ವೇಗ ಮತ್ತು ದಿಕ್ಕನ್ನೂ, ಐದು ಸೆಕೆಂಡಿಗೊಮ್ಮೆ ತನ್ನ ಕರೆಹೆಸರನ್ನೂ ಸಾರುತ್ತಿರುತ್ತದೆ. ಈ ಪದ್ಧತಿಗೆ ಎಡಿಎಸ್-ಬಿ ಎಂದು ಹೆಸರು. ಒಂದು ಸಂದೇಶ ಅಂದರೆ 112 ಬಿಟ್. ಅದು ಮುಗಿಯಲು 120 ಮೈಕ್ರೋಸೆಕೆಂಡು ಸಾಕು. ಗೂಢಲಿಪಿ ಇಲ್ಲ, ಕಳುಹಿಸಿದವರ ಸಹಿಯಿಲ್ಲ. ಕೇಳಿಸಿಕೊಳ್ಳಲು ಕಿವಿಯಿದ್ದವರೆಲ್ಲ ಕೇಳಬಹುದು. ಪ್ರತಿ ವಿಮಾನಕ್ಕೂ 24 ಬಿಟ್ಟಿನ ಒಂದು ವಿಳಾಸವಿದೆ. ಭಾರತಕ್ಕೆ ಹಂಚಿಕೆಯಾದದ್ದು ಹದಿನಾರಂಕಿ ಪದ್ಧತಿಯಲ್ಲಿ 80ರಿಂದ 83ರ ತನಕದ ಅಂಕಿಗಳಿಂದ ಶುರುವಾಗುವ ವಿಳಾಸಗಳು.

ಇಲ್ಲಿ ನೆನಪಿಡಬೇಕಾದ ಸಂಗತಿ ಒಂದಿದೆ, ಮುಂದಿನ ಅರ್ಧ ವಿವರಣೆ ಅದರ ಮೇಲೆಯೇ ನಿಂತಿದೆ. ವಿಮಾನ ಸಾರುವ ಸ್ಥಾನ ಅದರ ಜಿಪಿಎಸ್ ಕೊಟ್ಟದ್ದು. ಆದರೆ ಅದು ಸಾರುವ ಎತ್ತರ ಬಂದದ್ದು ಹೊರಗಿನ ಗಾಳಿಯೊತ್ತಡ ಅಳೆಯುವ ಉಪಕರಣದಿಂದ. ಎರಡರ ಮೂಲ ಬೇರೆ. ಜಿಪಿಎಸ್ ಕೈಕೊಟ್ಟರೂ ಎತ್ತರದ ಅಂಕಿ ಕೆಡುವುದಿಲ್ಲ.

ರಿಸೀವರ್ ಎಂದರೆ ದೊಡ್ಡ ಯಂತ್ರವೇನಲ್ಲ. ಬೆರಳುದ್ದದ ಯುಎಸ್‌ಬಿ ಡಾಂಗಲ್, ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್, ತಾರಸಿಯ ಮೇಲೊಂದು ಆಂಟೆನಾ. 1090 ಮೆಗಾಹರ್ಟ್ಸ್ ತರಂಗದ ಉದ್ದ 27.5 ಸೆಂಟಿಮೀಟರ್, ಅದರ ಕಾಲುಭಾಗ, ಅಂದರೆ 6.9 ಸೆಂ.ಮೀ. ತಂತಿಯೇ ಆಂಟೆನಾ ಆಗಬಲ್ಲದು. ಟಿವಿಗೆ ಎಳೆಯುವ ಆರ್‌ಜಿ-6 ಕೇಬಲ್ಲಿನಲ್ಲಿ ಮೀಟರಿಗೆ ಸುಮಾರು 0.2 ಡೆಸಿಬಲ್ ಸಂಕೇತ ಸೋರುತ್ತದೆ. ತೆಳ್ಳಗಿನ ಆರ್‌ಜಿ-58 ಹಾಕಿದರೆ ಸೋರಿಕೆ ಅದರ ಎರಡು ಪಟ್ಟಿಗೂ ಮೀರಿ. ಹದಿನೈದು ಮೀಟರ್ ಎಳೆಯುವ ಹೊತ್ತಿಗೆ ದೂರದ ವಿಮಾನಗಳು ಕೈಬಿಟ್ಟುಹೋಗುತ್ತವೆ. ಕಡಲತಡಿಯಲ್ಲಿ ಉಪ್ಪುಗಾಳಿಗೆ ಕನೆಕ್ಟರಿನ ಒಳಗೆ ತುಕ್ಕು ಹಿಡಿಯುತ್ತದೆ, ಮೇ ತಿಂಗಳ ಗುಡುಗು-ಸಿಡಿಲಿಗೆ ಪ್ಲಗ್ ಕಿತ್ತಿಡಬೇಕಾಗುತ್ತದೆ, ಕರೆಂಟು ಹೋದರೆ ಎಲ್ಲವೂ ನಿಶ್ಶಬ್ದ. ಹೀಗೆ ಯಾರದೋ ತಾರಸಿಯ ಒಂದು ರಿಸೀವರ್ ನಿಂತುಹೋದರೆ ನಕ್ಷೆಯಲ್ಲಿ ಒಂದು ಪ್ರದೇಶದ ವಿಮಾನಗಳೇ ಮಂಕಾಗುತ್ತವೆ. ನಿನ್ನೆ ಕಂಡದ್ದು ಇವತ್ತು ಕಾಣದಿರುವುದಕ್ಕೆ ಹಲವು ಸಲ ಇಷ್ಟೇ ಕಾರಣ.

ಸಮುದ್ರದ ಮೇಲೆ ಮಾಯ

1090 ಮೆಗಾಹರ್ಟ್ಸ್ ತರಂಗ ಭೂಮಿಯ ಉಬ್ಬನ್ನು ಬಳಸಿ ಬರುವುದಿಲ್ಲ, ನೇರ ದೃಷ್ಟಿಗೆ ಸಿಕ್ಕಷ್ಟು ದೂರ ಮಾತ್ರ. ಲೆಕ್ಕ ಸುಲಭ: ಅಡಿಗಳಲ್ಲಿ ಎತ್ತರದ ವರ್ಗಮೂಲವನ್ನು 1.23ರಿಂದ ಗುಣಿಸಿದರೆ ನಾಟಿಕಲ್ ಮೈಲಿಗಳಲ್ಲಿ ದೂರ ಸಿಗುತ್ತದೆ. 35,000 ಅಡಿಯ ವಿಮಾನಕ್ಕೆ ಅದು ಸುಮಾರು 230 ನಾಟಿಕಲ್ ಮೈಲಿ, ಅಂದರೆ 425 ಕಿ.ಮೀ. ಮಂಗಳೂರಿನಿಂದ ದುಬೈಗೆ ನೇರ ದೂರ 2,400 ಕಿ.ಮೀ.ಗೂ ಹೆಚ್ಚು. ಈ ಕಡೆ ನಮ್ಮ ಕರಾವಳಿಯ ರಿಸೀವರ್ 425 ಕಿ.ಮೀ. ಕೇಳಿಸಿಕೊಂಡಿತು, ಆ ಕಡೆ ಒಮಾನ್ ತೀರದ್ದು ಅಷ್ಟೇ ಕೇಳಿಸಿಕೊಂಡಿತು ಎಂದಿಟ್ಟುಕೊಂಡರೂ ನಡುವೆ ಸಾವಿರ ಕಿ.ಮೀ. ಆಸುಪಾಸಿನ ನೀರು ಯಾರ ಕಿವಿಗೂ ಬೀಳದೆ ಉಳಿಯುತ್ತದೆ. ಗಂಟೆಗೆ 850 ಕಿ.ಮೀ. ವೇಗದಲ್ಲಿ ಅದು ಒಂದು ಗಂಟೆಗೂ ಮೀರಿದ ಹಾರಾಟ.

ಈ ಒಂದು ಗಂಟೆಯನ್ನು ಜಾಲತಾಣ ಖಾಲಿ ಬಿಡುವುದಿಲ್ಲ. ಕೊನೆಗೆ ಸಿಕ್ಕ ಸ್ಥಾನ, ವೇಗ, ದಿಕ್ಕು, ತಲುಪಬೇಕಾದ ನಿಲ್ದಾಣ ಇವಿಷ್ಟನ್ನು ಹಿಡಿದು ವಿಮಾನವನ್ನು ತಾನೇ ಓಡಿಸುತ್ತದೆ. ಫ್ಲೈಟ್‌ರಾಡಾರ್24 ಎಂಬ ಟ್ರ್ಯಾಕಿಂಗ್ ತಾಣ, ತಲುಪುವ ಊರು ಗೊತ್ತಿದ್ದರೆ, 240 ನಿಮಿಷಗಳ ತನಕ ಹೀಗೆ ಅಂದಾಜಿನಲ್ಲಿ ಓಡಿಸುತ್ತದೆ. ಆಗ ಪರದೆಯ ಮೇಲೆ ಸರಿಯುತ್ತಿರುವುದು ವಿಮಾನವಲ್ಲ, ವಿಮಾನದ ಊಹೆ. ಅಂದಾಜಿನ ಭಾಗವನ್ನು ಬೇರೆ ಬಣ್ಣದಲ್ಲೋ ತುಂಡುಗೆರೆಯಲ್ಲೋ ತೋರಿಸುತ್ತಾರೆ. ಸ್ಕ್ರೀನ್‌ಶಾಟನ್ನು ನಾಲ್ಕು ಗುಂಪು ದಾಟಿಸುವ ಹೊತ್ತಿಗೆ ಆ ವ್ಯತ್ಯಾಸ ಅಳಿಸಿಹೋಗಿರುತ್ತದೆ.

ಅತ್ತ ನಿಜವಾದ ವಿಮಾನ ಮುಂಬೈ ಮತ್ತು ಮಸ್ಕತ್ ವಾಯುನಿಯಂತ್ರಣ ವಲಯಗಳ ಗಡಿಯಲ್ಲಿ ಗೊತ್ತುಮಾಡಿದ ಬಿಂದುಗಳ ಮೂಲಕವೇ ದಾಟಬೇಕು. ರಾಸ್ಕಿ, ಪರಾರ್, ಟೋಟಾಕ್ಸ್, ಕಿಟಾಲ್ ಎಂಬಂಥ, ಇಂಗ್ಲಿಷಿನ ಐದಕ್ಷರಗಳ ಅರ್ಥವಿಲ್ಲದ ಹೆಸರುಗಳು ಅವು. ಜಾಲತಾಣ ನೇರಕ್ಕೆ ಊಹಿಸಿರುತ್ತದೆ, ವಿಮಾನ ಬಿಂದುವಿನತ್ತ ತಿರುಗಿರುತ್ತದೆ. ಒಮಾನಿನ ರಿಸೀವರ್ ಮತ್ತೆ ಕೇಳಿಸಿಕೊಂಡ ಕ್ಷಣ ಪರದೆಯ ವಿಮಾನ ಹತ್ತಾರು ಕಿಲೋಮೀಟರ್ ಪಕ್ಕಕ್ಕೆ ಜಿಗಿದು ನಿಜವಾದ ಜಾಗಕ್ಕೆ ಬಂದು ಕೂರುತ್ತದೆ. ಆ ಜಿಗಿತವೇ ‘ಹಠಾತ್ ತಿರುವು’ ಎಂದು ಸುದ್ದಿಯಾಗುವುದು. ಗುರುತು ಹಿಡಿಯುವುದು ಹೀಗೆ: ಜಿಗಿತಕ್ಕೆ ಮುಂಚಿನ ಗೆರೆ ಅಸಹಜವೆನಿಸುವಷ್ಟು ನಯವಾಗಿರುತ್ತದೆ, ಆ ಹೊತ್ತಿನ ಎತ್ತರ ಮತ್ತು ವೇಗದ ಅಂಕಿ ಒಂದಿನಿತೂ ಅಲುಗಾಡಿರುವುದಿಲ್ಲ. ನಿಜವಾದ ಹಾರಾಟದಲ್ಲಿ ವೇಗ ಯಾವಾಗಲೂ ಒಂದೆರಡು ಅಂಕಿ ಆಚೀಚೆ ಆಗುತ್ತಲೇ ಇರುತ್ತದೆ.

ಉಪಗ್ರಹಗಳೂ ಈಗ ಈ ಸಂದೇಶಗಳನ್ನು ಹಿಡಿಯುತ್ತವೆ. ಇರಿಡಿಯಂನ 66 ಉಪಗ್ರಹಗಳ ಜಾಲದ ಮೇಲೆ ಏರಿಯಾನ್ ಎಂಬ ಸಂಸ್ಥೆ ಇದೇ ಕೆಲಸ ಮಾಡುತ್ತದೆ. ಫ್ಲೈಟ್‌ರಾಡಾರ್24ರಲ್ಲಿ ಹಳದಿ ವಿಮಾನವೆಂದರೆ ನೆಲದ ರಿಸೀವರಿನದು, ನೀಲಿಯೆಂದರೆ ಉಪಗ್ರಹದ್ದು. ನೀಲಿ ಕಂಡಾಗ ಸ್ಥಾನಗಳ ನಡುವಿನ ಅಂತರ ದೊಡ್ಡದಿರುತ್ತದೆ, ತಿರುವು ಮೊನಚಾಗಿ ಕಾಣುತ್ತದೆ.

ನೇರದೃಷ್ಟಿಯ ಇದೇ ನಿಯಮ ಇಳಿಯುವ ಹೊತ್ತಿಗೂ ಕಾಡುತ್ತದೆ. ಕಾಸರಗೋಡು ಪೇಟೆಯಿಂದ ಬಜ್ಪೆ ನಿಲ್ದಾಣಕ್ಕೆ ಕಾಗೆ ಹಾರುವ ದೂರ 50 ಕಿ.ಮೀ.ಗಿಂತ ತುಸು ಹೆಚ್ಚು. ಇಲ್ಲಿ ಹತ್ತು ಮೀಟರ್ ಎತ್ತರದ ತಾರಸಿಯಲ್ಲಿ ಆಂಟೆನಾ ಇದ್ದರೆ 3,000 ಅಡಿಯ ವಿಮಾನ ಲೆಕ್ಕದ ಪ್ರಕಾರ 137 ಕಿ.ಮೀ. ದೂರದಿಂದಲೂ ಕೇಳಿಸಬೇಕು. ಅದೇ ವಿಮಾನ 500 ಅಡಿಗೆ ಇಳಿದರೆ ಲೆಕ್ಕ 64 ಕಿ.ಮೀ.ಗೆ ಕುಸಿಯುತ್ತದೆ. ಲೆಕ್ಕ ಇರುವುದು ಬೋಳು ಬಯಲಿಗೆ; ನಮ್ಮಲ್ಲಿರುವುದು ಗುಡ್ಡ, ತೆಂಗು, ಅಡಕೆ ತೋಟ. ನಿಲ್ದಾಣದ ಪಕ್ಕದಲ್ಲೇ ರಿಸೀವರ್ ಇಲ್ಲದಿದ್ದರೆ ವಿಮಾನ ರನ್‌ವೇ ಮುಟ್ಟುವ ಮೊದಲೇ ಪರದೆಯಿಂದ ಕಾಣೆಯಾಗುತ್ತದೆ. ಪೊಸಡಿಗುಂಪೆಯಂಥ, ಸಾವಿರ ಅಡಿ ಮೀರಿದ ಗುಡ್ಡದ ನೆತ್ತಿಯಲ್ಲಿ ಆಂಟೆನಾ ಇಟ್ಟರೆ ಕತೆಯೇ ಬೇರೆ. ಆದರೆ ಅಲ್ಲಿ ಮನೆ ಕಟ್ಟಿ ವೈಫೈ ಹಾಕಿಸಿಕೊಂಡವರಿಲ್ಲ. ಪೂರ್ವಕ್ಕೆ ಘಟ್ಟ ಅಡ್ಡ ನಿಂತಿರುವುದರಿಂದ ಘಟ್ಟದಾಚೆ ಕೆಳಗೆ ಹಾರುವ ಪುಟ್ಟ ತರಬೇತಿ ವಿಮಾನಗಳಂತೂ ಕರಾವಳಿಯ ರಿಸೀವರಿಗೆ ಸಿಗುವುದೇ ಇಲ್ಲ.

ಜಿಪಿಎಸ್‌ಗೇ ಮೋಸವಾದಾಗ

ಇದು ಈಚಿನ ವರ್ಷಗಳ ದೊಡ್ಡ ಕಾರಣ, ಗಲ್ಫ್ ದಾರಿಯಲ್ಲಿ ಓಡಾಡುವವರಿಗೆ ನೇರವಾಗಿ ಸಂಬಂಧಪಟ್ಟದ್ದು. ಇದರಲ್ಲಿ ಎರಡು ಬಗೆ. ಜಿಪಿಎಸ್ ಉಪಗ್ರಹಗಳಿಂದ ನೆಲಕ್ಕೆ ಬರುವ ಸಂಕೇತ ಬಹಳ ಕ್ಷೀಣ. ಅದೇ ತರಂಗದಲ್ಲಿ ಜೋರಾಗಿ ಗದ್ದಲವೆಬ್ಬಿಸಿ ಅದನ್ನು ಮುಳುಗಿಸಿಬಿಡುವುದು ಜಾಮಿಂಗ್. ಗದ್ದಲದ ಬದಲು ಉಪಗ್ರಹದ್ದೇ ಎಂಬಂತೆ ಸುಳ್ಳು ಸಂಕೇತ ಕಳಿಸಿ ‘ನೀನಿರುವುದು ಇಲ್ಲಿ’ ಎಂದು ನಂಬಿಸುವುದು ಸ್ಪೂಫಿಂಗ್. ಮೊದಲನೆಯದು ಕಿವುಡು ಮಾಡುತ್ತದೆ, ಎರಡನೆಯದು ದಾರಿ ತಪ್ಪಿಸುತ್ತದೆ. ಮುಖ್ಯ ಗುರಿ ಸಾಮಾನ್ಯವಾಗಿ ಡ್ರೋನ್ ಮತ್ತು ಕ್ಷಿಪಣಿ. ನಡುವೆ ಸಿಕ್ಕಿಬೀಳುವುದು ಪ್ರಯಾಣಿಕರ ವಿಮಾನ.

ಪರದೆಯಲ್ಲಿ ಎರಡಕ್ಕೂ ಬೇರೆ ಬೇರೆ ಗುರುತು. ಜಾಮಿಂಗ್ ಇದ್ದಲ್ಲಿ ಗೆರೆ ತುಂಡಾಗುತ್ತದೆ, ಕೆಲವು ನಿಮಿಷ ಏನೂ ಇರುವುದಿಲ್ಲ, ಆ ಪ್ರದೇಶ ದಾಟಿದ ಮೇಲೆ ಮತ್ತೆ ಚಿಗುರುತ್ತದೆ. ಸ್ಪೂಫಿಂಗ್ ಇದ್ದಲ್ಲಿ ಗೆರೆ ತುಂಡಾಗದೆ ಸುಳ್ಳು ಹೇಳುತ್ತದೆ. 2023ರ ಕೊನೆಯಿಂದ ಇಸ್ರೇಲ್ ಸುತ್ತಮುತ್ತ ಹಾರಿದ ಹಲವು ವಿಮಾನಗಳು ಟ್ರ್ಯಾಕಿಂಗ್ ನಕ್ಷೆಯಲ್ಲಿ ಬೈರೂತ್ ನಿಲ್ದಾಣದ ಮೇಲೆ ಗುಂಪುಗೂಡಿದಂತೆ ಕಂಡವು. ಒಂದೇ ಸುಳ್ಳು ಸಂಕೇತವನ್ನು ಕೇಳಿದ ಎಲ್ಲವೂ ಒಂದೇ ಸುಳ್ಳು ಜಾಗವನ್ನು ಹೇಳಿದವು, ಅಷ್ಟೆ. ಅಲ್ಲಿ ನಿಂತಂತೆ ಕಾಣುವ ವಿಮಾನವನ್ನು ಒತ್ತಿ ನೋಡಿದರೆ ಎತ್ತರ ಮಾತ್ರ 36,000 ಅಡಿ! ರನ್‌ವೇ ಮೇಲೆ 36,000 ಅಡಿ ಎಂಬ ಈ ಅಸಂಗತಿಯೇ ಸ್ಪೂಫಿಂಗ್ ಹಿಡಿಯಲು ಸಿಗುವ ಗಟ್ಟಿ ಸಾಕ್ಷಿ, ಏಕೆಂದರೆ ಸುಳ್ಳು ಹೇಳಿದ್ದು ಜಿಪಿಎಸ್, ಎತ್ತರ ಅಳೆದದ್ದು ಗಾಳಿಯೊತ್ತಡ. ಇನ್ನೊಂದು ಪರೀಕ್ಷೆ ವೇಗದ್ದು. ಎರಡು ಬಿಂದುಗಳ ನಡುವೆ 400 ಕಿ.ಮೀ. ಅಂತರ, ಸಮಯದ ವ್ಯತ್ಯಾಸ ಹತ್ತು ಸೆಕೆಂಡು ಎಂದರೆ ಸೆಕೆಂಡಿಗೆ 40 ಕಿ.ಮೀ. ಅಷ್ಟು ವೇಗ ರಾಕೆಟ್ಟಿಗೂ ಇಲ್ಲ.

ನಮ್ಮಲ್ಲೂ ಇದು ದೂರದ ಸುದ್ದಿಯಾಗಿ ಉಳಿದಿಲ್ಲ. 2023ರ ನವೆಂಬರಿನಿಂದ 2025ರ ಫೆಬ್ರವರಿ ನಡುವೆ ಅಮೃತಸರ ಮತ್ತು ಜಮ್ಮು ಭಾಗದ ಗಡಿಯಲ್ಲಿ 465 ಜಿಪಿಎಸ್ ಹಸ್ತಕ್ಷೇಪ ಪ್ರಕರಣಗಳು ವರದಿಯಾದವೆಂದು ಕೇಂದ್ರ ಸರಕಾರ ಸಂಸತ್ತಿಗೆ ತಿಳಿಸಿತ್ತು. 2025ರ ನವೆಂಬರಿನಲ್ಲಿ ದೆಹಲಿಯ 10ನೇ ರನ್‌ವೇಗೆ ಜಿಪಿಎಸ್ ಆಧಾರದ ಮೇಲೆ ಇಳಿಯಲು ಬರುತ್ತಿದ್ದ ವಿಮಾನಗಳಿಗೂ ಸ್ಪೂಫಿಂಗ್ ತಟ್ಟಿತು. ಕೋಲ್ಕತ, ಅಮೃತಸರ, ಮುಂಬೈ, ಹೈದರಾಬಾದ್, ಬೆಂಗಳೂರು, ಚೆನ್ನೈಗಳಿಂದಲೂ ಇಂಥ ವರದಿ ಬಂದಿದೆಯೆಂದು ಡಿಸೆಂಬರಿನಲ್ಲಿ ನಾಗರಿಕ ವಿಮಾನಯಾನ ಸಚಿವರು ರಾಜ್ಯಸಭೆಗೆ ಹೇಳಿದರು. 2025ರ ಜೂನಿನಲ್ಲಿ ಇರಾನ್-ಇಸ್ರೇಲ್ ಕದನ ನಡೆದಾಗ ಹೊರ್ಮುಜ್ ಜಲಸಂಧಿಯ ಸುತ್ತ ಹಡಗುಗಳ ಸ್ಥಾನವೇ ನಕ್ಷೆಯಲ್ಲಿ ನೆಲದ ಮೇಲೆ ಹತ್ತಿ ಕೂತಿತ್ತು. ದುಬೈ, ಶಾರ್ಜಾ, ದೋಹಾ ವಿಮಾನಗಳ ದಾರಿ ಅಲ್ಲಿಂದ ದೂರವೇನಲ್ಲ.

ವಿಮಾನಕ್ಕೆ ಅಪಾಯವಲ್ಲವೇ? ತಲೆನೋವು ಖಂಡಿತ, ದಾರಿಯೇ ಕಾಣದೆ ಹೋಗುವುದಿಲ್ಲ. ಹೊರಗಿನ ಯಾವ ಸಂಕೇತವೂ ಬೇಡದೆ ವಿಮಾನದ ಚಲನೆಯಿಂದಲೇ ಸ್ಥಾನ ಲೆಕ್ಕ ಹಾಕುವ ಜಡತ್ವ ಮಾಪಕ ಒಳಗಿದೆ, ನೆಲದಲ್ಲಿ ದಿಕ್ಕು ತೋರಿಸುವ ವಿಒಆರ್, ದೂರ ಹೇಳುವ ಡಿಎಂಇ, ರನ್‌ವೇಗೆ ಇಳಿಯಲು ದಾರಿ ತೋರುವ ಐಎಲ್‌ಎಸ್ ಎಂಬ ರೇಡಿಯೋ ಉಪಕರಣಗಳಿವೆ, ನಿಯಂತ್ರಣ ಗೋಪುರದವರ ಬಳಿ ದೂರ ಮತ್ತು ದಿಕ್ಕನ್ನು ತಾನೇ ಅಳೆಯುವ ರಾಡಾರ್ ಇದೆ. ಕಿರಿಕಿರಿ ಎಂದರೆ, ಸುಳ್ಳು ಸ್ಥಾನ ನಂಬಿದ ನೆಲ-ಎಚ್ಚರಿಕೆ ಉಪಕರಣ ಬಯಲಲ್ಲೂ ‘ಮೇಲೇರು’ ಎಂದು ಕೂಗಬಹುದು, ಕಾಕ್‌ಪಿಟ್ಟಿನ ಗಡಿಯಾರ ತಪ್ಪು ತೋರಿಸಬಹುದು. ಅದಕ್ಕೆಂದೇ 2023ರ ನವೆಂಬರಿನಲ್ಲಿ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ಸಲಹಾ ಸುತ್ತೋಲೆ ಹೊರಡಿಸಿತು.

ಜಡತ್ವ ಮಾಪಕ ಗಂಟೆಗೆ ಒಂದೆರಡು ನಾಟಿಕಲ್ ಮೈಲಿ ಸರಿಯುವುದುಂಟು. ಜಿಪಿಎಸ್ ಕಳಕೊಂಡ ವಿಮಾನ, ಅಥವಾ ಸ್ಥಾನವನ್ನು ಜಡತ್ವ ಮಾಪಕದಿಂದಲೇ ತೆಗೆದು ಸಾರುವ ಹಳೆಯ ವಿಮಾನ, ರನ್‌ವೇಗೆ ಸಮಾನಾಂತರವಾಗಿ ಒಂದೆರಡು ಕಿ.ಮೀ. ಪಕ್ಕದಲ್ಲಿ, ತೋಟದಲ್ಲೋ ಹೊಳೆಯಲ್ಲೋ ಇಳಿದಂತೆ ಕಾಣುತ್ತದೆ. ಗೆರೆಯ ಆಕಾರ ಚೊಕ್ಕವಾಗಿದ್ದು ಇಡೀ ಗೆರೆಯೇ ಒಂದು ಬದಿಗೆ ಸರಿದಿದ್ದರೆ ಕಾರಣ ಇದೇ.

ಸಂಶಯ ಬಂದಾಗ ನೋಡಬೇಕಾದ್ದು ಎರಡು ಕಡೆ. ಎಡಿಎಸ್-ಬಿ ಎಕ್ಸ್‌ಚೇಂಜ್‌ನಂಥ ತಾಣದಲ್ಲಿ ವಿಮಾನವನ್ನು ಒತ್ತಿದರೆ ಎನ್‌ಐಸಿ, ಎನ್‌ಎಸಿ-ಪಿ ಎಂಬ ಅಂಕಿಗಳಿವೆ. ತನ್ನ ಸ್ಥಾನದ ಬಗ್ಗೆ ವಿಮಾನಕ್ಕೇ ಎಷ್ಟು ಭರವಸೆಯಿದೆ ಎಂಬುದರ ಸೂಚಿ ಅವು. ಎನ್‌ಐಸಿ 8, ಎನ್‌ಎಸಿ-ಪಿ 9 ಅಥವಾ 10 ಇದ್ದರೆ ಆರೋಗ್ಯ ಸರಿಯಿದೆ. ಎರಡೂ ಸೊನ್ನೆಯ ಕಡೆ ಬಿದ್ದರೆ ಜಾಮಿಂಗ್ ಎನ್ನಬಹುದು. ಜಾಣ ಸ್ಪೂಫಿಂಗ್‌ನಲ್ಲಿ ಮಾತ್ರ ಅಂಕಿ ಚೆನ್ನಾಗಿಯೇ ಇರುತ್ತದೆ, ಮೋಸಹೋದವನಿಗೆ ಮೋಸ ಗೊತ್ತಿರುವುದಿಲ್ಲವಲ್ಲ. ಇನ್ನೊಂದು ಜಿಪಿಎಸ್‌ಜಾಮ್ ಎಂಬ ನಕ್ಷೆ: ದಿನದಲ್ಲಿ ಒಂದು ಪ್ರದೇಶ ದಾಟಿದ ವಿಮಾನಗಳ ಪೈಕಿ ನೂರಕ್ಕೆ ಎರಡಕ್ಕಿಂತ ಕಡಿಮೆ ವಿಮಾನಗಳಿಗೆ ತೊಂದರೆಯಾಗಿದ್ದರೆ ಹಸಿರು, ಹತ್ತರ ತನಕ ಹಳದಿ, ಹತ್ತು ಮೀರಿದರೆ ಕೆಂಪು.

ಸಣ್ಣಪುಟ್ಟ ತಪ್ಪುಗಳು ಬೇರೆಯೂ ಇವೆ. ಸ್ಥಾನ ಸಾರದ ವಿಮಾನವನ್ನು ನಾಲ್ಕಾದರೂ ರಿಸೀವರುಗಳು ಒಟ್ಟಿಗೆ ಕೇಳಿಸಿಕೊಂಡರೆ ಸಂಕೇತ ತಲುಪಿದ ಸಮಯದ ವ್ಯತ್ಯಾಸದಿಂದ ಜಾಗ ಲೆಕ್ಕ ಹಾಕಬಹುದು, ಇದು ಎಂಲ್ಯಾಟ್. ಗಡಿಯಾರ ಒಂದು ಮೈಕ್ರೋಸೆಕೆಂಡ್ ತಪ್ಪಿದರೆ 300 ಮೀಟರ್ ತಪ್ಪು. ಗರಗಸದಂಥ ಗೆರೆ ಕಂಡರೆ ಮೂಲದ ಜಾಗದಲ್ಲಿ ಎಂಲ್ಯಾಟ್ ಎಂದಿದೆಯೇ ನೋಡಿ, ಇದ್ದರೆ ಅಲ್ಲಿಗೆ ವಿಷಯ ಮುಗಿಯಿತು. ಮತ್ತೊಂದು, ಜಾಗ ಉಳಿಸಲೆಂದು ಸ್ಥಾನವನ್ನು ಸಮ-ಬೆಸ ಎಂದು ಎರಡು ಸಂದೇಶಗಳಲ್ಲಿ ಮಡಚಿ ಕಳಿಸುತ್ತಾರೆ. ಬಿಡಿಸುವಾಗ ವಲಯ ತಪ್ಪಿದರೆ ವಿಮಾನ ಸರಿಯಾಗಿ ಆರು ಡಿಗ್ರಿ ಅಕ್ಷಾಂಶ, ಅಂದರೆ ಸುಮಾರು 670 ಕಿ.ಮೀ. ಉತ್ತರಕ್ಕೋ ದಕ್ಷಿಣಕ್ಕೋ ಹಾರಿ ಮರುಕ್ಷಣ ವಾಪಸಾಗುತ್ತದೆ. ಸೂಜಿಮೊನೆಯಂಥ ಒಂದೇ ಗೆರೆ, ಒಂದೇ ಸಲ.

ನಿಜವಾಗಿಯೂ ಹಾಗೆ ಹಾರಿದ್ದು

ಇನ್ನು ಗೆರೆ ಸರಿಯಾಗಿಯೇ ಇದ್ದು ನಮಗೆ ವಿಚಿತ್ರ ಕಾಣುವ ಪ್ರಕರಣಗಳು. ಬಜ್ಪೆಯ ವಿಮಾನ ಮೂಡುಬಿದಿರೆ ಕಡೆ ಹೋಗುವುದು ಇವುಗಳಲ್ಲಿ ಮೊದಲನೆಯದು. ಬಜ್ಪೆಯ ರನ್‌ವೇ 24 ಮತ್ತು 06. ಹತ್ತರಿಂದ ಗುಣಿಸಿದರೆ ದಿಕ್ಕು: 240 ಡಿಗ್ರಿ ಅಂದರೆ ನೈಋತ್ಯದ ಕಡೆ ಮುಖಮಾಡಿ ಇಳಿಯುವುದು. ಮಳೆಗಾಲದಲ್ಲಿ ಗಾಳಿ ಕಡಲಿನಿಂದ, ನೈಋತ್ಯದಿಂದ. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕಾದ್ದರಿಂದ 24ಕ್ಕೇ ಬರಬೇಕು. ಆದರೆ ಗಲ್ಫಿನಿಂದ ಬರುವ ವಿಮಾನ ಇರುವುದು ವಾಯವ್ಯದಲ್ಲಿ. ಹಾಗಾಗಿ ಅದು ಕರಾವಳಿ ದಾಟಿ, ನಿಲ್ದಾಣವನ್ನೂ ಬಿಟ್ಟು ಒಳನಾಡಿಗೆ ಹೋಗಿ, ಮೂಡುಬಿದಿರೆ-ವೇಣೂರು ನಡುವಿನ ಆಕಾಶದಲ್ಲಿ ತಿರುಗಿ, ಹದಿನೆಂಟು-ಇಪ್ಪತ್ತು ಕಿ.ಮೀ. ದೂರದಿಂದ ನೇರಕ್ಕೆ ಬರುತ್ತದೆ. ರನ್‌ವೇ ತಪ್ಪಿದ್ದಲ್ಲ, ರನ್‌ವೇಗೆ ಸರಿಯಾಗಿ ಬರಲೆಂದೇ ದಾಟಿದ್ದು.

ಉದ್ದನೆಯ ಮೊಟ್ಟೆಯಾಕಾರದ ಸುತ್ತುಗಳು ಕಂಡರೆ ಅದು ಹೋಲ್ಡಿಂಗ್. ಮಳೆ ಜಡಿದು ರನ್‌ವೇ ಕಾಣದಿದ್ದಾಗ, ಕೆಳಗೆ ಇನ್ನೊಂದು ವಿಮಾನ ಇದ್ದಾಗ ಕಾಯಿಸುವುದು ಹೀಗೆ. 14,000 ಅಡಿಗಿಂತ ಕೆಳಗೆ ಎರಡು ನೇರದ ಭಾಗಗಳಿಗೆ ಒಂದೊಂದು ನಿಮಿಷ, ತುದಿಗಳ ಎರಡು ಅರ್ಧವೃತ್ತದ ತಿರುವುಗಳಿಗೆ ಒಂದೊಂದು ನಿಮಿಷ. ಒಟ್ಟು ಒಂದು ಸುತ್ತಿಗೆ ನಾಲ್ಕು ನಿಮಿಷ. ಸುತ್ತುಗಳನ್ನು ಎಣಿಸಿ ನಾಲ್ಕರಿಂದ ಗುಣಿಸಿದರೆ ಎಷ್ಟು ಹೊತ್ತು ಕಾಯಿತೆಂದು ಗೊತ್ತಾಗುತ್ತದೆ.

ಇದಕ್ಕಿಂತ ಭಯ ಹುಟ್ಟಿಸುವುದು ಗಂಟೆಗಟ್ಟಲೆಯ ಸುತ್ತು. 2024ರ ಅಕ್ಟೋಬರ್ 11ರಂದು ತಿರುಚ್ಚಿಯಿಂದ ಶಾರ್ಜಾಕ್ಕೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಐಎಕ್ಸ್ 613 ಹೈಡ್ರಾಲಿಕ್ ತೊಂದರೆಯಿಂದಾಗಿ ಎರಡು ಗಂಟೆಗೂ ಹೆಚ್ಚು ಕಾಲ ತಿರುಚ್ಚಿಯ ಸುತ್ತಲೇ ತಿರುಗಿ ಸುರಕ್ಷಿತವಾಗಿ ಇಳಿಯಿತು. ಬೋಯಿಂಗ್ 737ರಲ್ಲಿ ಇಂಧನವನ್ನು ಗಾಳಿಗೆ ಚೆಲ್ಲುವ ಸೌಲಭ್ಯವಿಲ್ಲ. 737-800 ಗರಿಷ್ಠ 79 ಟನ್ ತೂಕದಲ್ಲಿ ಏರಬಲ್ಲದು, ಇಳಿಯಲು ಮಿತಿ 66 ಟನ್ ಚಿಲ್ಲರೆ. ಗಲ್ಫಿಗೆಂದು ಇಂಧನ ತುಂಬಿ 72 ಟನ್‌ನಲ್ಲಿ ಏರಿದ ಒಂದು ವಿಮಾನವನ್ನು ಊಹಿಸಿಕೊಳ್ಳಿ: ಇಳಿಸಬೇಕಾದ ತೂಕ ಸುಮಾರು 5.7 ಟನ್, ಗಂಟೆಗೆ ಸುಮಾರು 2.5 ಟನ್ ಉರಿದರೆ ಎರಡೂ ಕಾಲು ಗಂಟೆ ಬೇಕು. ಬೆಂಕಿ, ಹೊಗೆಯಂಥ ಆತುರವಿದ್ದರೆ ತೂಕ ಮೀರಿದರೂ ಕೂಡಲೇ ಇಳಿಯುತ್ತಾರೆ. ತಾಸುಗಟ್ಟಲೆ ಸುತ್ತುತ್ತಿದೆ ಎಂದರೆ ಪೈಲಟ್‌ಗೆ ಸಮಯವಿದೆ ಎಂದೇ ಅರ್ಥ. ಆ ದಿನ ಟಿವಿ ಪರದೆಗಳಲ್ಲಿ ನೇರಪ್ರಸಾರವಾದ ಗಾಬರಿಯಲ್ಲಿ ಈ ಸರಳ ಭಾಗಾಕಾರ ಎಲ್ಲೂ ಕೇಳಿಬರಲಿಲ್ಲವೆಂಬಷ್ಟು ಅಪರೂಪವಾಗಿತ್ತು.

ಆಕಾಶಕ್ಕೆ ಬಾಗಿಲು ಹಾಕಿದಾಗಲೂ ಗೆರೆ ಮುರಿಯುತ್ತದೆ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ವಾಯುಪ್ರದೇಶ ಮುಚ್ಚಿತು, 30ರಂದು ಭಾರತವೂ ಮುಚ್ಚಿತು. ದೆಹಲಿ, ಅಮೃತಸರಗಳಿಂದ ಗಲ್ಫಿಗೆ ಹೋಗುವವು ಗುಜರಾತಿನ ಕಡೆಗೆ ಬಾಗಿ ಸಮುದ್ರಕ್ಕಿಳಿಯಬೇಕಾಯಿತು. ಬಜ್ಪೆ, ಕಣ್ಣೂರು, ಕೋಝಿಕ್ಕೋಡ್ ಬಳಿಯ ಕರಿಪ್ಪೂರಿನವು ಮೊದಲೇ ಸಮುದ್ರದ ಮೇಲಿನವಾದ್ದರಿಂದ ಇಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ನಮ್ಮವರಿಗೆ ಬಿಸಿ ತಟ್ಟಿದ್ದು ಅದೇ ವರ್ಷದ ಜೂನ್ 23ರ ರಾತ್ರಿ, ಇರಾನ್ ಕತಾರಿನಲ್ಲಿರುವ ಅಮೆರಿಕದ ಅಲ್ ಉದೈದ್ ಸೇನಾನೆಲೆಯ ಮೇಲೆ ಕ್ಷಿಪಣಿ ಹಾರಿಸಿ ಕೊಲ್ಲಿ ದೇಶಗಳು ತಾತ್ಕಾಲಿಕವಾಗಿ ಆಕಾಶ ಮುಚ್ಚಿದಾಗ. ಅರ್ಧ ದಾರಿಯಿಂದ ಹಿಂತಿರುಗಿದವು, ಬೇರೆ ಊರಿಗೆ ಹೊರಳಿದವು, ಎಲ್ಲವೂ ನಕ್ಷೆಯಲ್ಲಿ ಕಂಡ ಹಾಗೆಯೇ ನಿಜ.

ಇವು ಬಿಟ್ಟರೆ, ಒಂದೇ ರನ್‌ವೇಯ ಮೇಲೆ ಮತ್ತೆ ಮತ್ತೆ ಇಳಿದಂತೆ ಮಾಡಿ ಇಳಿಯದೆ ಹೋಗುವ, ನಿಲ್ದಾಣದ ಸುತ್ತ ಕಮಾನು ಬರೆಯುವ ಪುಟ್ಟ ವಿಮಾನ ಕಂಡರೆ ಅದು ವಿಮಾನ ನಿಲ್ದಾಣ ಪ್ರಾಧಿಕಾರದ ಪರೀಕ್ಷಾ ವಿಮಾನವಿರಬಹುದು; ಐಎಲ್‌ಎಸ್‌ನಂಥ ಉಪಕರಣಗಳನ್ನು ಆಗಾಗ ಹೀಗೆ ತಾಳೆ ನೋಡಬೇಕು. ಗದ್ದೆ ಉತ್ತ ಹಾಗೆ ಸಾಲು ಸಾಲಾಗಿ ಹೋಗಿಬರುವುದು ಸರ್ವೆ ವಿಮಾನ. ಏಳಿಮಲೆ ಕಡೆಯ ನೌಕಾಪಡೆಯ ಹಾರಾಟಗಳನ್ನು ಇಲ್ಲಿ ಹುಡುಕಿ ಫಲವಿಲ್ಲ, ಸೇನೆಯ ವಿಮಾನಗಳು ಬಹುಮಟ್ಟಿಗೆ ಸ್ಥಾನ ಸಾರುವುದಿಲ್ಲ.

ಅಂಕಿ ಓದುವಾಗ

ಎತ್ತರದ ಅಂಕಿಯನ್ನು ನೆಲದಿಂದ ಅಳೆದದ್ದೆಂದು ತಿಳಿಯುವುದು ಎಲ್ಲರೂ ಮಾಡುವ ತಪ್ಪು. ಅದು 1013.25 ಹೆಕ್ಟೋಪಾಸ್ಕಲ್ ಎಂಬ ಆದರ್ಶ ಒತ್ತಡಕ್ಕೆ ಹೋಲಿಸಿದ್ದು. ಮಳೆಗಾಲದಲ್ಲಿ ನಮ್ಮಲ್ಲಿ ಒತ್ತಡ 1005ಕ್ಕೆ ಇಳಿದಿದ್ದರೆ, ಒಂದು ಹೆಕ್ಟೋಪಾಸ್ಕಲ್‌ಗೆ 27-28 ಅಡಿಯಂತೆ, ಆ್ಯಪ್ ಸುಮಾರು 225 ಅಡಿ ಹೆಚ್ಚು ತೋರಿಸುತ್ತದೆ. ಬಜ್ಪೆ ನಿಲ್ದಾಣವೇ ಸಮುದ್ರಮಟ್ಟದಿಂದ 337 ಅಡಿ ಮೇಲಿದೆ. ಎರಡೂ ಸೇರಿ, ಚಕ್ರ ನೆಲ ಮುಟ್ಟುವ ಹೊತ್ತಿಗೂ ಪರದೆಯಲ್ಲಿ 560 ಅಡಿ ಆಸುಪಾಸು ಇರಬಹುದು. ವೇಗವೂ ಹಾಗೆಯೇ: ಆ್ಯಪ್ ತೋರಿಸುವುದು ನೆಲದ ಲೆಕ್ಕದ ವೇಗ. ಚಳಿಗಾಲದಲ್ಲಿ ಪಶ್ಚಿಮದ ಜೆಟ್ ಗಾಳಿ ಬೆನ್ನಿಗಿದ್ದಾಗ ಗಲ್ಫಿನಿಂದ ಬರುವ ವಿಮಾನ ಗಂಟೆಗೆ ಸಾವಿರ ಕಿ.ಮೀ. ಮುಟ್ಟಿದಂತೆ ಕಂಡರೆ ಹೌಹಾರಬೇಕಿಲ್ಲ.

2025ರ ಜೂನ್ 12ರ ಅಹಮದಾಬಾದ್ ದುರಂತದಲ್ಲಿ ಎತ್ತರದ ಅಂಕಿ, ಗೆರೆ ಎರಡರದ್ದೂ ತಪ್ಪು ಓದು ನಡೆಯಿತು. ಏರ್ ಇಂಡಿಯಾ 171ರ ಕೊನೆಯ ಸಂಕೇತದಲ್ಲಿದ್ದ 625 ಅಡಿ ಎಂಬುದನ್ನು ಹಲವರು ನೆಲದಿಂದ 625 ಅಡಿ ಎಂದು ಬರೆದರು. ನಿಲ್ದಾಣವೇ ಸುಮಾರು 200 ಅಡಿ ಎತ್ತರದಲ್ಲಿದೆ. ಮೊದಲು ಸಿಕ್ಕ ಅಪೂರ್ಣ ಗೆರೆ ನೋಡಿ ವಿಮಾನ ಅರ್ಧ ರನ್‌ವೇಯಿಂದಲೇ ಏರಿತೆಂಬ ವಾದ ಹರಡಿತು. ಆಮೇಲೆ ಬೇರೆ ಬೇರೆ ರಿಸೀವರುಗಳ ಮೂಲ ಮಾಹಿತಿ ಬಿಡಿಸಿ ನೋಡಿದ ಫ್ಲೈಟ್‌ರಾಡಾರ್24, ವಿಮಾನ 23ನೇ ರನ್‌ವೇಯ ತುದಿಗೆ ಹೋಗಿ ತಿರುಗಿ ಪೂರ್ತಿ ಉದ್ದವನ್ನೂ ಬಳಸಿತ್ತೆಂದು ಸ್ಪಷ್ಟಪಡಿಸಿತು. ಅಷ್ಟರೊಳಗೆ ಮೊದಲಿನ ಮಾತು ಊರೆಲ್ಲ ಸುತ್ತಿಯಾಗಿತ್ತು. 2020ರ ಆಗಸ್ಟ್ 7ರ ಕರಿಪ್ಪೂರ್ ಅಪಘಾತದ ಗೆರೆ ಇದಕ್ಕಿಂತ ಸ್ಪಷ್ಟ. 28ನೇ ರನ್‌ವೇಗೆ ಒಮ್ಮೆ ಬಂದು ಬಿಟ್ಟು, ಸುತ್ತಿ, 10ರ ಕಡೆಯಿಂದ ಇಳಿದದ್ದು ಅದರಲ್ಲಿ ಕಾಣುತ್ತದೆ. ಹಾಗೇಕೆ ಇಳಿದರೆಂಬುದು ತನಿಖಾ ವರದಿಯಲ್ಲಿ ಮಾತ್ರ ಸಿಗುತ್ತದೆ.

ಹಾಗಾದರೆ ಕೈಗೆ ಒಂದು ಸ್ಕ್ರೀನ್‌ಶಾಟ್ ಬಂದಾಗ ಮೊದಲು ಕೇಳಬೇಕಾದ್ದು ವಿಮಾನದ ಸಂಖ್ಯೆ, ದಿನಾಂಕ, ಸಮಯ. ಸಮಯ ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿರುತ್ತದೆ, ಐದೂವರೆ ಗಂಟೆ ಕೂಡಿಸಬೇಕು. ಯುಟಿಸಿ ರಾತ್ರಿ 10 ಎಂದರೆ ನಮಗೆ ಮರುದಿನ ಬೆಳಗಿನ ಜಾವ 3.30. ಅದೇ ಸಂಖ್ಯೆಯ ವಿಮಾನ ದಿನವೂ ಇರುವುದರಿಂದ ತಾರೀಕು ತಪ್ಪಿದರೆ ನಿನ್ನೆಯ ಗೆರೆ ನೋಡಿ ಇವತ್ತು ಹೆದರಿದಂತಾಗುತ್ತದೆ. ಫ್ಲೈಟ್‌ರಾಡಾರ್24ರಲ್ಲಿ ಏಳು ದಿನಗಳ ಹಾರಾಟವನ್ನು ದುಡ್ಡು ಕೊಡದೆ ಮರುಓಡಿಸಿ ನೋಡಬಹುದು. ಅಲ್ಲಿ ಎತ್ತರ-ವೇಗದ ರೇಖಾಚಿತ್ರ ನೋಡಿ, ಅದೇ ಹೊತ್ತಿಗೆ ಅಕ್ಕಪಕ್ಕ ಹಾರಿದ ಬೇರೆ ವಿಮಾನಗಳಿಗೂ ಅದೇ ಡೊಂಕು ಇದೆಯೇ ನೋಡಿ, ಮತ್ತೊಂದು ತಾಣದಲ್ಲಿ ತಾಳೆ ಹಾಕಿ. ಎಲ್ಲವೂ ಒಂದೇ ಕಡೆ ವಕ್ರವಾಗಿದ್ದರೆ ಜಿಪಿಎಸ್ ಗದ್ದಲ, ಅಥವಾ ಗುಡುಗಿನ ಮೋಡ ತಪ್ಪಿಸಲು ಸುತ್ತಿ ಹೋದದ್ದು. ಎತ್ತರ-ವೇಗ ಎರಡೂ ಅಲುಗಾಡದೆ ಒಂದೇ ವಿಮಾನ ಜಿಗಿದರೆ ಅಂದಾಜಿನ ಗೆರೆ. 7700 ಎಂಬ ತುರ್ತು ಸಂಖ್ಯೆ ಕಂಡರೂ ಅದು ಪ್ರಯಾಣಿಕರೊಬ್ಬರ ಎದೆನೋವಿಗೂ ಇರಬಹುದು.

ಕರೆದುಕೊಂಡು ಬರಲು ಹೊರಟವರಿಗೆ ಒಂದು ಮಾತು. ಬಜ್ಪೆಯ ಮೇಲೆ ಎರಡು ಮೂರು ಸುತ್ತು ಹಾಕಿ ವಿಮಾನ ದಕ್ಷಿಣಕ್ಕೆ ಮುಖ ಮಾಡಿತೆಂದು ಕಾರನ್ನು ತಲಪಾಡಿಯಿಂದಲೇ ಕಣ್ಣೂರಿಗೆ ತಿರುಗಿಸಬೇಡಿ. ಕಾಸರಗೋಡಿನಿಂದ ಕಣ್ಣೂರು ನಿಲ್ದಾಣವಿರುವ ಮಟ್ಟನ್ನೂರು ನೂರು ಕಿ.ಮೀ.ಗೂ ಆಚೆ. ಹವಾಮಾನದಿಂದಾಗಿ ಹೊರಳಿದ ವಿಮಾನ ಸಾಮಾನ್ಯವಾಗಿ ಅಲ್ಲಿ ಪ್ರಯಾಣಿಕರನ್ನು ಕೂರಿಸಿಕೊಂಡೇ ಇಂಧನ ತುಂಬಿ, ಮಳೆ ಬಿಟ್ಟ ಮೇಲೆ ಬಜ್ಪೆಗೇ ಮರಳುತ್ತದೆ. ಸಿಬ್ಬಂದಿಯ ಕೆಲಸದ ಅವಧಿ ಮುಗಿದರೆ ಮಾತ್ರ ಅಲ್ಲೇ ಇಳಿಸಿ ಬಸ್ಸು ಮಾಡುವುದೋ ಬೇರೆ ಸಿಬ್ಬಂದಿಯನ್ನು ಕಾಯುವುದೋ ಆಗುತ್ತದೆ. ಆ ತೀರ್ಮಾನ ಆ್ಯಪ್‌ನಲ್ಲಿ ಕಾಣುವುದಿಲ್ಲ, ವಿಮಾನ ಇಳಿದು ಫೋನ್ ಹಚ್ಚಿದ ಪ್ರಯಾಣಿಕರಿಂದಲೇ ಮೊದಲು ತಿಳಿಯುತ್ತದೆ.